ಗಾಳಿಗೆ ಹಾಕಿದ ಮಣೆ

ಆಗೆಲ್ಲ ಬಿರುಗಾಳಿ ಬರುವ ಮೊದಲೇ ಫೋನು ಗುಂಯ್ ಎಂದು ಎಚ್ಚರಿಸುತ್ತಿರಲಿಲ್ಲ. ರೇಡಿಯೊ ಹೇಳಬೇಕಿತ್ತು, ಇಲ್ಲವೇ ಕಿಟಕಿಯ ಆಚೆಯ ಬರ್ಚ್ ಮರ. ಹುಬ್ಬಳ್ಳಿಯ ಕಾನ್ವೆಂಟ್ ಬಿಟ್ಟು ಅಪ್ಪ ಅಮ್ಮನ ಜೊತೆ ನಾನು ಹಿಮ ಬೀಳುವ ಈ ಪರದೇಶದ ಕಾರ್ಲ್‌ಸ್ಟಾಡ್‌ಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಿಸ್ಟರ್ ಹೇಳಿಕೊಟ್ಟಂತೆ ಕರ್ಚೀಫನ್ನು ಮಡಿಕೆ ಮುರಿಯದೆ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಹೋಗಿರಲಿಲ್ಲ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಆಯಿ, ಅಂದರೆ ಅಮ್ಮನ ಅವ್ವ, ನಮ್ಮಲ್ಲಿಗೆ ಬಂದಿದ್ದಳು. ಸೂಟ್‌ಕೇಸ್ ತೆರೆದರೆ ಶೇಂಗಾ ಚಟ್ನಿಪುಡಿಯ ಘಮ. ಸೀರೆಗಳ ನಡುವೆ ಒಂದು ಸಾಗವಾನಿ ಮಣೆ. ಕುರ್ಚಿಯ ಮೇಲೆ ಕೂತರೆ ತುತ್ತು ಇಳಿಯುವುದಿಲ್ಲವೆಂದು ಅಡುಗೆಮನೆಯ ನೆಲದಲ್ಲಿ ಮಣೆ ಹಾಕಿಕೊಂಡೇ ಉಣ್ಣುವಳು. ದಪ್ಪ ಜಾಕೆಟ್ ಹಾಕಿಕೋ ಎಂದರೆ, "ಕೌದಿ ಹೊಚ್ಚಿಕೊಂಡು ಅಡ್ಡಾಡ್ಲೇನು?" ಅನ್ನುವಳು. ಬಸ್ಸಿನ ಡ್ರೈವರ್ ಹತ್ತಿರವೂ ಕನ್ನಡವೇ. ಅಮ್ಮ ಮಾಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಕೆಳಗಿಡುವಳು. ಅಮ್ಮನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ಶಾಲೆಯಿಂದ ನಮ್ಮನ್ನು ಬೇಗ ಕಳಿಸಿದರು. ಆಫೀಸಿನ ಕೆಲಸಕ್ಕೆ ಮಾಲ್ಮೋಗೆ ಹೋಗಿದ್ದ ಅಪ್ಪ ರೈಲು ನಿಂತು ಅಲ್ಲೇ ಉಳಿದಿದ್ದರು. ನಾನು ಮನೆಯೊಳಗೆ ಬಂದಾಗ ಆಯಿ ಅಮ್ಮನ ಮುಂದೆ ಮಣೆ ಹಿಡಿದು ನಿಂತಿದ್ದಳು.

"ಅಂಗಳದಾಗ ಇಟ್ಟು ಕರದು ಬಾ. ಕೂಡಾಕ ಜಾಗ ಸಿಗದಿದ್ರ ಗಾಳೆವ್ವ ಮನಿ ಮನಿ ತಿರಗತಾಳ."

ಅದು ಆಯಿಯ ತವರಿನ ಪದ್ಧತಿ. ಬಿರುಗಾಳಿ ಎದ್ದರೆ ಮನೆಯ ಒಡತಿ ಅಂಗಳದಲ್ಲಿ ಮಣೆ ಹಾಕಿ, ನೆಂಟರನ್ನು ಕರೆದಂತೆ ಗಾಳಿಯನ್ನು ಕರೆಯಬೇಕು. ದಣಿದವಳು ಕೂತರೆ ಸಿಟ್ಟು ಇಳಿಯುತ್ತದಂತೆ.

"ಅವ್ವಾ, ಇಲ್ಲಿ ಅಂಗಳ ಎಲ್ಲೈತಿ? ಕೆಳಗಿರೋದು ಸೈಕಲ್ ಸ್ಟ್ಯಾಂಡು."

"ಸೈಕಲ್ ನಿಂದ್ರಾಕ ಜಾಗ ಐತಿ, ಆಕಿಗಿಲ್ಲೇನು?"

"ಮಂದಿ ನಗ್ತಾರ. ನಾ ಒಲ್ಲೆ."

ಅಷ್ಟರಲ್ಲಿ ಕರೆಂಟು ಹೋಯಿತು. ಅಮ್ಮ ಒಳಗೆ ಹೋಗಿ ಮೇಣದಬತ್ತಿ ಹುಡುಕಿ ತರುವಷ್ಟರಲ್ಲಿ ಆಯಿ ಇರಲಿಲ್ಲ. ಅವಳ ಜಾಕೆಟ್ ಮೊಳೆಯಲ್ಲೇ ತೂಗುತ್ತಿತ್ತು. ಮಣೆ ಇರಲಿಲ್ಲ.

ಲಿಫ್ಟ್ ನಿಂತಿತ್ತು. ಕತ್ತಲ ಮೆಟ್ಟಿಲು ಇಳಿಯುವಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಮುಂಜಾನಿಂದ ಆಕಿ ಜೊತಿ ಒಂದು ಮಾತು ನೆಟ್ಟಗ ಆಡಿಲ್ಲ ನಾನು," ಎಂದಳು, ನನಗಲ್ಲ, ಗೋಡೆಗೆ ಹೇಳಿದಂತೆ.

ಕೆಳಗಿನ ಬಾಗಿಲನ್ನು ಇಬ್ಬರೂ ಸೇರಿ ನೂಕಬೇಕಾಯಿತು. ಆಯಿ ಬರ್ಚ್ ಮರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಾರಲು ನೋಡುತ್ತಿದ್ದ ಮಣೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಸೆರಗು ಪಟಪಟ ಬಡಿಯುತ್ತಿತ್ತು. ಮುರಿದ ಕೊಂಬೆಯೊಂದು ಆಗಲೇ ಸೈಕಲ್‌ಗಳ ಮೇಲೆ ಬಿದ್ದಿತ್ತು.

"ಅವ್ವಾ, ಮರ ಬೀಳ್ತೈತಿ! ಒಳಗ ಬಾ!"

"ಮೊದಲ ಆಕಿನ್ನ ಕರಿ."

"ನೀನ ಕರಿ ಮತ್ತ!"

"ನಾ ಕರದ್ರ ಆಕಿ ಹೆಂಗ ಬರ್ತಾಳ? ಇದು ನನ್ನ ಮನಿ ಅಲ್ಲವ್ವಾ, ನಿನ್ನ ಮನಿ."

ಬಂದಾಗಿನಿಂದ ಪಾತ್ರೆ ಎಲ್ಲಿಡಬೇಕು, ಪರದೆ ಹೇಗೆ ಕಟ್ಟಬೇಕು ಎಂದು ಹೇಳುತ್ತಿದ್ದ ಆಯಿ ಅದನ್ನು ಅಮ್ಮನ ಮನೆ ಎಂದದ್ದು ಅದೇ ಮೊದಲು. ಅಮ್ಮ ಸುತ್ತಲಿನ ಕಿಟಕಿಗಳತ್ತ ನೋಡಲೂ ಇಲ್ಲ. ಒದ್ದೆ ಎಲೆಗಳ ಮೇಲೆ ಮೊಣಕಾಲೂರಿ, "ಬಾರವ್ವ, ಕೂಡವ್ವ, ದಣದು ಬಂದೀದಿ..." ಎಂದಳು. ಮುಂದಿನ ಮಾತು ಬರಲಿಲ್ಲ. ಆಯಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿಕೊಟ್ಟಳು, ಅಮ್ಮ ಹೇಳಿದಳು. ಗಾಳಿ ಅದನ್ನು ನನ್ನ ತನಕ ಬಿಡಲಿಲ್ಲ.

ಆಯಿ ತಕ್ಷಣ ಎದ್ದಳು. ಮೆಟ್ಟಿಲು ಹತ್ತುವಾಗ ಅಮ್ಮ ಅವಳ ಮೊಣಕೈ ಹಿಡಿದಿದ್ದಳು. ಮಣೆ ನನ್ನ ಕಂಕುಳಲ್ಲಿತ್ತು.

"ಆಯಿ, ಗಾಳಿ ನಿಂತೇ ಇಲ್ಲವಲ್ಲ?"

"ಈಗರೆ ಕರದೇವಿ. ಕೂಡಾಕ ಹೊತ್ತು ಬ್ಯಾಡೇನು ಆಕಿಗೆ?"

ಮಣೆಯನ್ನು ನನ್ನ ಕರ್ಚೀಫಿನಿಂದ ಒರೆಸಿದೆ. ಒಲೆಯೂ ಕರೆಂಟಿನದೇ ಆದ್ದರಿಂದ ಅಂದು ಹಸಿ ಎಣ್ಣೆ, ಉಳ್ಳಾಗಡ್ಡಿ, ಚಟ್ನಿಪುಡಿ ಹಾಕಿ ಕಲಸಿದ ಅವಲಕ್ಕಿ. ಮೇಣದಬತ್ತಿಯ ಬೆಳಕಿನಲ್ಲಿ ಮೂವರೂ ನೆಲದ ಮೇಲೆ ಕೂತೆವು. "ಚಲೋ ಆಗೇತಿ," ಎಂದಳು ಆಯಿ. ಅಮ್ಮ ತಲೆ ತಗ್ಗಿಸಿ ಇನ್ನೊಂದು ಹಿಡಿ ಬಡಿಸಿದಳು.

ಚಳಿಗಾಲಕ್ಕೆ ಮೊದಲು ಊರಿಗೆ ಹೋದ ಆಯಿ ಮತ್ತೆ ಬರಲಿಲ್ಲ, ಈಗ ಅವಳಿಲ್ಲ. ನಾನು ಮಾಲ್ಮೋದಲ್ಲಿ ಸಂಸಾರ ಹೂಡಿದ್ದೇನೆ. ಅಮ್ಮ ಕಾರ್ಲ್‌ಸ್ಟಾಡ್ ಬಿಟ್ಟು ಬರಲೊಲ್ಲಳು. ಮಂಜುಗಡ್ಡೆಯ ಮೇಲೂ ಹಿಡಿತದ ಮೊಳೆಗಳಿಲ್ಲದ ಬರಿಯ ಬೂಟಿನಲ್ಲಿ ಓಡಾಡುತ್ತಾಳೆ. ಕೋಲು ಹಿಡಿ ಎಂದರೆ ಫೋನ್ ಇಟ್ಟುಬಿಡುತ್ತಾಳೆ. ಮೊನ್ನೆ ಗಾಳಿಯ ಎಚ್ಚರಿಕೆ ಬಂದಾಗ ಎಷ್ಟು ಸಲ ರಿಂಗ್ ಮಾಡಿದರೂ ಎತ್ತಲಿಲ್ಲ. ಇಲ್ಲೂ ರೈಲು ನಿಂತಿತ್ತು. ಆಯಿ ಬಿಟ್ಟುಹೋಗಿದ್ದ, ಈಗ ನನ್ನ ಹೂಕುಂಡದ ಕೆಳಗಿದ್ದ ಮಣೆಯನ್ನು ಎಳೆದು ಒರೆಸಿ ಬಾಲ್ಕನಿಗೆ ಒಯ್ದೆ.

ಆಮೇಲೆ ಅಮ್ಮನೇ ಫೋನ್ ಮಾಡಿದಳು. "ನನಗೇನೂ ಆಗಿಲ್ಲ, ಮಲಗಿದ್ದೆ. ನೀ ಮಣೆ ಹಾಕಿದ್ಯೋ ಇಲ್ಲೋ?"

"ಹಾಕಿದೆ ಅಮ್ಮ. ದಣದು ಬಂದೀದಿ ಅನ್ನೋ ತನಕ ಹೇಳಿದೆ. ಮುಂದೇನು?"

"ಬಾರವ್ವ, ಕೂಡವ್ವ..." ಎಂದು ಅವಳು ಮೊದಲಿನಿಂದ ಹೇಳಿ ನೋಡಿದಳು. "ಅವ್ವ ಹೇಳಿಕೊಟ್ಟಿದ್ಲು ಅಲ್ಲೇನು... ನೆನಪಾಗವಲ್ದು."

ಫೋನಿನಲ್ಲಿ ಅವಳ ಕಿಟಕಿಯ ಗಾಳಿ ನನಗೆ, ನನ್ನದು ಅವಳಿಗೆ ಕೇಳಿಸುತ್ತಿತ್ತು. ಗಾಳೆವ್ವ ಅರ್ಧ ಮಾತಿಗೇ ಬಂದು ಕೂರುವುದಾದರೆ ಕೂರಲಿ ಎಂದು ಮಣೆಯನ್ನು ಬಾಲ್ಕನಿಯಲ್ಲೇ ಬಿಟ್ಟಿದ್ದೇನೆ.