ಎರಡನೇ ಮಗ್ಗುಲಿಗೇ ಗಟ್ಟಿಮೇಳ

ನಡೆದದ್ದು ಇಷ್ಟು: ಹೊಳೆನರಸೀಪುರದ ಓದಿದವರೆಲ್ಲ ಒಂದು ಹಜಾರದಲ್ಲಿ ಕೂತು, ಬಾಲವನ್ನು ಕುತ್ತಿಗೆಗೆ ಅಂಟಿಸಿದ ಒಂದು ಪ್ರಾಣಿಯನ್ನು ನೋಡಿ, ಇದಕ್ಕಿಂತ ಚೆಲುವಾದದ್ದು ಲೋಕದಲ್ಲೇ ಇಲ್ಲ ಎಂದು ಚೀಟಿ ಬರೆದು ಹಾಕಿದರು.

ಬೇರೆಯವರು ಬೇರೆ ಥರ ಹೇಳುತ್ತಿದ್ದಾರೆ. ಗುಮಾಸ್ತನ ತಾಯಿ ಬಂದು ಸಭೆ ಕೆಡಿಸಿದಳಂತೆ. ಹೇಳಿಕೊಳ್ಳಲಿ. ವಾರವಾರ ಇಷ್ಟು ಜಾಗ ಪತ್ರಿಕೆಯವರು ಕೊಟ್ಟಿರುವುದು ನನಗೆ, ಅವರಿಗಲ್ಲ.

ಮೊದಲಿನಿಂದ ಹೇಳುತ್ತೇನೆ. (ಮೊದಲಿನದನ್ನು ಮೊದಲು, ಕೊನೆಯದನ್ನು ಕೊನೆಗೆ ಇಡಬೇಕು ಅನ್ನುವುದೇ ಈ ವಾರದ ಜಗಳ.)

ನನ್ನ ಮಗ ಶಿವಣ್ಣ ಎಂಟು ವರ್ಷದಿಂದ ಇಲ್ಲಿನ ದೊಡ್ಡ ವಕೀಲರೊಬ್ಬರ ಹತ್ತಿರ ಗುಮಾಸ್ತ. ಅವರ ಹೆಸರು ಬರೆಯುವುದಿಲ್ಲ. ಬರೆಯದಿದ್ದರೂ ನಿಮಗೆ ಗೊತ್ತಾಗುತ್ತದೆ, ಯಾಕೆಂದರೆ ಊರಿನಲ್ಲಿ ಇಂಗ್ಲಿಷ್ ಸಂಗೀತದ ಹುಚ್ಚು ಇರುವ ವಕೀಲರು ಅವರೊಬ್ಬರೇ. ಸಕಲೇಶಪುರದ ಕಡೆ ಕಾಫಿ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಒಂದು ಪೆಟ್ಟಿಗೆ ತುಂಬ ಗ್ರಾಮಫೋನ್ ಪ್ಲೇಟು ತಂದಿಟ್ಟುಕೊಂಡಿದ್ದಾರೆ. ಒಂದು ಪ್ಲೇಟಿಗೆ ಎರಡು ಮಗ್ಗುಲು. ಒಂದು ಮಗ್ಗುಲು ನಾಲ್ಕು ನಿಮಿಷ ಹಾಡಿದರೆ ಹೆಚ್ಚು. ಆಮೇಲೆ ಮುಳ್ಳು ಎತ್ತಿ, ಪ್ಲೇಟು ತಿರುವಿ ಹಾಕಿ, ಮತ್ತೆ ಕೀ ಕೊಡಬೇಕು.

ಭಾನುವಾರ ಸಂಜೆಯೆಲ್ಲ ಅವರ ಹಜಾರದಲ್ಲಿ ಇದೇ ಕೆಲಸ. ಹೈಸ್ಕೂಲಿನ ಹೆಡ್ಮಾಸ್ಟರು, ಡಾಕ್ಟರು, ಕೋರ್ಟಿನವರು ಬಂದು ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಣ್ಣು ಯಾಕೆ ಮುಚ್ಚಬೇಕು? ಕೇಳುವುದು ಕಿವಿಯಲ್ಲಲ್ಲವೇ?

ಹೋದ ಭಾನುವಾರ ಮಾತ್ರ ವಿಶೇಷ ಇತ್ತು. ನೂರು ಜನ ಒಟ್ಟಿಗೆ ಕೂತು ನುಡಿಸುವ ಸಂಗೀತದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಯಾವುದೋ ಇಂಗ್ಲಿಷ್ ಪೇಪರಿನಲ್ಲಿ ಚರ್ಚೆ ನಡೆಯುತ್ತಿದೆಯಂತೆ. ನಮ್ಮ ಊರೂ ಒಂದು ತೀರ್ಪು ಕೊಡಬೇಕು ಎಂದು ವಕೀಲರಿಗೆ ಅನ್ನಿಸಿತು. ಮೂರು ಕೃತಿ ಕೇಳುವುದು, ಚೀಟಿ ಹಾಕುವುದು, ಗೆದ್ದದ್ದನ್ನು ಸೋಮವಾರ ಶಿವಣ್ಣ ಟೈಪು ಮಾಡಿ ಪೇಪರಿಗೆ ಕಳಿಸುವುದು. ಹೆಂಗಸರಿಗೂ ಚೀಟಿ ಕೊಡಬೇಕು ಎಂದು ವಕೀಲರ ಹೆಂಡತಿ ಸೀತಮ್ಮನವರು ಹಟ ಹಿಡಿದರು. ಹೆಂಗಸರ ಕಡೆ ತಲೆ ಕಮ್ಮಿ ಬಿದ್ದಾಗ ನನಗೂ ಕರೆ ಬಂತು.

ಹೋದೆ. ಹಿಂದೆ ಚಾಪೆಯ ಮೇಲೆ ಕೂತೆ.

ಮೊದಲನೆಯದು ಒಂದೇ ಸಮನೆ ಅತ್ತಿತು. ಎರಡನೆಯದು ಕುದುರೆಗಾಡಿ ಓಡಿದ ಹಾಗೆ ಓಡಿ ನಿಂತಿತು. ಎರಡಕ್ಕೂ ನಾನು ಏನೂ ಹೇಳುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಉದ್ದದ್ದು. ನಾಲ್ಕು ಪ್ಲೇಟು, ಎಂಟು ಮಗ್ಗುಲು. ಶುರುವಿನಲ್ಲಿ ಒಂದೇ ಒಂದು ಕೊಂಬು, ಎಲ್ಲೋ ಹೊಳೆಯ ಆಚೆ ದಡದಲ್ಲಿ ನಿಂತು ಯಾರನ್ನೋ ಕರೆದ ಹಾಗೆ. ಆಮೇಲೆ ಪಿಟೀಲುಗಳು ಒಂದೊಂದಾಗಿ ಬಂದು ಸೇರಿಕೊಂಡವು. ಮೈ ಜುಮ್ಮೆಂದಿತು. ಇದನ್ನು ನಾನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಅದು ಚೆನ್ನಾಗಿಲ್ಲ ಎಂದು ನಾನು ಹೇಳಿದೆ ಅಂತ ಸುಳ್ಳು ಹಬ್ಬಿಸುತ್ತಿದ್ದಾರೆ. ಹಾಗೆ ನಾನು ಹೇಳಲೇ ಇಲ್ಲ.

ವಕೀಲರು ಪ್ಲೇಟು ತಿರುವಿ ಹಾಕಿದರು. ಎರಡನೇ ಮಗ್ಗುಲು. ಶುರುವಾದ ಒಂದು ಗಳಿಗೆಗೇ ಕಹಳೆ, ನಗಾರಿ, ಪಿಟೀಲು ಎಲ್ಲ ಒಂದೇ ಉಸಿರಿಗೆ ಏರಿ, ಮನೆಯ ಜಂತಿ ನಡುಗುವ ಹಾಗೆ ಬಡಿದು, ಬಡಿದು, ಇನ್ನೊಮ್ಮೆ ಬಡಿದು, ನಿಂತವು. ಗಟ್ಟಿಮೇಳ! ನನ್ನ ಬಲಗೈ ಅಕ್ಷತೆ ಹಾಕುವುದಕ್ಕೆ ತಾನಾಗಿ ಮೇಲೆದ್ದಿತ್ತು. ಪಕ್ಕದವರು ನೋಡಿದರು ಎಂದು ಕೆಳಗೆ ಇಳಿಸಿದೆ.

ಸರಿ, ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯಿತು? ಇನ್ನೂ ಆರು ಮಗ್ಗುಲು! ಮೂರನೆಯದರಲ್ಲಿ ಮತ್ತೆ ಆ ಕೊಂಬು, ಆ ಪಿಟೀಲು, ಇನ್ನೂ ಯಾರೂ ಸ್ನಾನಕ್ಕೇ ಎದ್ದಿಲ್ಲ ಅನ್ನುವ ಹಾಗೆ. ಒಮ್ಮೆ ಅಬ್ಬರ, ಒಮ್ಮೆ ಆಕಳಿಕೆ. ಒಂದು ಮಗ್ಗುಲಿಗೂ ಮುಂದಿನದಕ್ಕೂ ಮಾತುಕತೆಯೇ ಇಲ್ಲ. ಕೊನೆಯ ಮಗ್ಗುಲಂತೂ ಯಾರೋ ಮಾತಾಡುತ್ತಿದ್ದಾಗ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ನಿಂತುಹೋಯಿತು.

ಸುತ್ತ ನೋಡಿದೆ. ಎಲ್ಲರ ಕಣ್ಣೂ ಮುಚ್ಚಿತ್ತು.

ಹೆಡ್ಮಾಸ್ಟರು ಕಣ್ಣು ತೆರೆದು ನಿಟ್ಟುಸಿರು ಬಿಟ್ಟು ಒಂದು ಭಾಷಣ ಮಾಡಿದರು. ಹೀಗೆ ಮುಗಿಯದೆ ನಿಲ್ಲುವುದೇ ಇದರ ದೊಡ್ಡಸ್ತಿಕೆಯಂತೆ. ಬದುಕಿಗೆ ಕೊನೆ ಎಲ್ಲಿದೆ, ಹಾಗೆಯೇ ಇದಕ್ಕೂ ಇಲ್ಲವಂತೆ. ನಡುವೆ ಬಂದ ಆ ಅಬ್ಬರ ಮನುಷ್ಯನ ಅಹಂಕಾರವಂತೆ. ಎಲ್ಲರೂ ತಲೆ ಆಡಿಸಿದರು. ಹಿತ್ತಾಳೆ ಚೊಂಬಿನಲ್ಲಿ ಚೀಟಿ ಬಿದ್ದವು. ಮೂರನೆಯದೇ ಗೆದ್ದಿತು, ಅದೂ ಭರ್ಜರಿಯಾಗಿ.

ವಕೀಲರು ಚೀಟಿ ನೋಡಿ, ಒಂದು ಕಮ್ಮಿ ಇದೆಯಲ್ಲ ನಂಜಮ್ಮ, ನಿಮ್ಮದು ಎಲ್ಲಿ ಎಂದು ಕೇಳಿದರು. ಮರ್ಯಾದೆಗೆ ಕೇಳಿದ್ದು. ನಾನೂ ಮರ್ಯಾದೆಯಿಂದಲೇ ಹೇಳಿದೆ.

"ನಾನು ಆಕಾಕಿಲ್ಲ ಸ್ವಾಮಿ."

"ಯಾಕಮ್ಮ, ಚೆನ್ನಾಗಿರಲಿಲ್ವೆ?"

"ಚೆನ್ನಾಗೈತೆ. ಆದ್ರೆ ಇಂದುಮುಂದಾಗೈತೆ. ಎರಡ್ನೇ ಮಗ್ಗುಲಿಗೇ ಗಟ್ಟಿಮೇಳ ಬಡಿದುಬುಟ್ಟು, ಆಮೇಲೆ ಮದ್ವಣಗಿತ್ತಿಗೆ ನೀರು ಉಯ್ತಾ ಕೂತವ್ರೆ."

ಹಜಾರವೆಲ್ಲ ನಕ್ಕಿತು. ಡಾಕ್ಟರಂತೂ ಕನ್ನಡಕ ತೆಗೆದು ಒರೆಸಿಕೊಂಡರು. ವಕೀಲರೂ ನಕ್ಕರು, ಆದರೆ ಸ್ವಲ್ಪ ಕೆಂಪಾಗಿ.

"ಇದು ಮದುವೆಮನೆ ವಾಲಗ ಅಲ್ಲ ಕಣಮ್ಮ. ನುಡಿಸಿರೋರು ನೂರು ಜನ ವಿದ್ವಾಂಸರು. ಅವರು ತಪ್ಪು ಮಾಡ್ತಾರೆಯೇ?"

"ಅವ್ರು ಮಾಡಿಲ್ಲ ಸ್ವಾಮಿ," ಎಂದೆ.

ಈಗ ನಗು ನಿಂತಿತು. ನಾವು ಆರು ತಿಂಗಳಿಂದ ಕೇಳುತ್ತಿದ್ದೇವೆ, ನೀವು ಒಂದು ಸಲ ಕೇಳಿ ಹೇಗೆ ಹೇಳುತ್ತೀರಿ ಎಂದು ಹೆಡ್ಮಾಸ್ಟರು ಕೇಳಿದರು. ಇದೊಂದು ವಾದವೇ? ತಪ್ಪು ಆರು ತಿಂಗಳು ಕೇಳಿದರೆ ಸರಿಯಾಗುತ್ತದೆಯೇ? ಅದಕ್ಕೆ ನಾನು ಇದ್ದದ್ದನ್ನು ಹೇಳಿದೆ.

"ಕೊನೆ ಎಲ್ಲಿ ಬರಬೇಕು ಅನ್ನಾದು ನಂಗೊತ್ತು ಸಾ. ನಮ್ಮಪ್ಪ ಅರಕಲಗೂಡಲ್ಲಿ ಡೋಲು ಬಾರಿಸ್ತಿದ್ದ."

ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಶಿವಣ್ಣ ನೆಲ ನೋಡಿದ. ವಕೀಲರು ಗ್ರಾಮಫೋನಿನ ಮುಚ್ಚಳ ಹಾಕಿದರು. ಇವತ್ತಿಗೆ ಸಾಕು ಎಂದರು.

ಅಪ್ಪನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು.

ವಾಲಗದವರು ಕೂರುವುದು ಚಪ್ಪರದ ಅಂಚಿನಲ್ಲಿ. ಊಟಕ್ಕೆ ಕರೆಯುವುದು ಕೊನೆಯ ಪಂಕ್ತಿಗೆ. ಆದರೆ ತಾಳಿ ಕಟ್ಟುವ ಹೊತ್ತಿನಲ್ಲಿ ಇಡೀ ಚಪ್ಪರ ಕಾಯುವುದು ಅವರ ಕೈಯನ್ನೇ. ಪುರೋಹಿತರು ಕೈ ಎತ್ತಬೇಕು, ಅಪ್ಪ ಕೋಲು ಇಳಿಸಬೇಕು. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಪುರೋಹಿತರು ನೊಣ ಓಡಿಸುವುದಕ್ಕೆ ಕೈ ಎತ್ತಿದರು. ಅಪ್ಪ ಬಾರಿಸಿಬಿಟ್ಟ. ತಾಳಿ ಇನ್ನೂ ತೆಂಗಿನಕಾಯಿಯ ಮೇಲೇ ಇತ್ತು. ಹಿಂದೆ ಕೂತವರೆಲ್ಲ ಅಕ್ಷತೆ ಹಾಕಿಯೂ ಆಗಿತ್ತು. ಹೆಣ್ಣಿನ ತಂದೆ ಎಲ್ಲರ ಎದುರಿಗೆ ಅಪ್ಪನ ಕಪಾಳಕ್ಕೆ ಹೊಡೆದ. ಮೂರು ವರ್ಷ ಆ ಕಡೆಯಿಂದ ಯಾರೂ ವೀಳ್ಯ ಕೊಟ್ಟು ಮದುವೆಗೆ ಕರೆಯಲಿಲ್ಲ. ಆ ಮೂರು ವರ್ಷ ಅಪ್ಪ ನಮ್ಮನ್ನು ಜಗಲಿಯ ಮೇಲೆ ಕೂರಿಸಿಕೊಂಡು, ನಾದಸ್ವರ ಹೇಗೆ ಏರುತ್ತದೆ, ಕೊನೆ ಬರುವ ವಾಸನೆ ಎಲ್ಲಿಂದ ಶುರುವಾಗುತ್ತದೆ ಎಂದು ಬಾಯಲ್ಲೇ ನುಡಿದು ತೋರಿಸುತ್ತಿದ್ದ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು, ಮಿಕ್ಕ ಕನ್ನಡವನ್ನು ಪತ್ರಿಕೆ ಓದಿ ಕಲಿತ ನನಗೆ ಇದೊಂದು ಪಾಠ ಮಾತ್ರ ಪೂರ್ತಿ ಆಗಿದೆ.

ಒಂದು ನಿಮಿಷ ಮುಂಚೆ ಗಟ್ಟಿಮೇಳ ಬಾರಿಸಿದ್ದಕ್ಕೆ ನಮ್ಮಪ್ಪನಿಗೆ ಕಪಾಳಮೋಕ್ಷ. ಆರು ಮಗ್ಗುಲು ಮುಂಚೆ ಬಾರಿಸಿದ್ದಕ್ಕೆ ಇಲ್ಲಿ ಮೊದಲ ಬಹುಮಾನ!

ಮನೆಗೆ ಬರುವಾಗ ಶಿವಣ್ಣ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಕೋರ್ಟಿನ ಹತ್ತಿರ ನಿಂತ.

"ಅವ್ವ, ನಾಳೆ ಬೆಳಿಗ್ಗೆ ಓಗಿ ತಪ್ಪಾಯ್ತು ಅಂದ್ಬುಡು."

"ಯಾವ್ದು ತಪ್ಪು ಕಣ್ಲಾ? ಗಟ್ಟಿಮೇಳವಾ, ನಿಮ್ ತಾತನಾ?"

ಅವನು ಮೆತ್ತಗೆ ಹೇಳಿದ. "ಎಂಟು ವರ್ಸದಿಂದ ಆ ಮನೆ ಒಳಗೆ ಕೂತ್ಕಂಡು ಕಾಪಿ ಕುಡೀತಿದೀನಿ ಕಣವ್ವ. ನಾವು ಯಾರ ಪೈಕಿ ಅಂತ ಯಾರೂ ಕೇಳಿಲ್ಲ, ನಾನೂ ಏಳಿಲ್ಲ. ನಾಳೆಯಿಂದ ನನ್ನ ಲೋಟ ಜಗಲಿಗೆ ಬಂದ್ರೆ?"

ಅವನ ಭಯ ಸುಳ್ಳು ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಆದರೂ ಒಂದು ಮಾತು. ನಮ್ಮಲ್ಲಿ ಎಷ್ಟು ಕೆಲಸ ಹೀಗೆ ನಡೆಯುತ್ತದೆ ನೋಡಿ. ಅಧ್ಯಕ್ಷರ ಭಾಷಣದ ಹಾಳೆ ಅದಲುಬದಲಾದರೂ ಚಪ್ಪಾಳೆ ನಿಲ್ಲುವುದಿಲ್ಲ. ದೊಡ್ಡ ಮನೆಯಿಂದ ಬಂದ ಸೊಸೆ ಸಾರಿಗೆ ಉಪ್ಪು ಮರೆತರೆ 'ಹಿತವಾಗಿದೆ' ಎನ್ನುತ್ತೇವೆ. ಬಡವರ ಮನೆಯವಳು ಮರೆತರೆ? ತಟ್ಟೆ ತಳ್ಳುತ್ತೇವೆ. ಗೊತ್ತಿಲ್ಲ ಅನ್ನುವುದಕ್ಕೆ ನಾಚಿಕೆ ಪಡುವ ಜನ ಕಣ್ಣು ಮುಚ್ಚುತ್ತಾರೆ. ಎಲ್ಲರೂ ಮುಚ್ಚಿದ ಮೇಲೆ ತೆರೆದವಳೇ ಒರಟಿ.

ಒರಟಿ ಎಂದರೆ ನನಗೇನೂ ಬೇಜಾರಿಲ್ಲ. ಆದರೆ ಆ ಕೃತಿ ಕಟ್ಟಿದವನು ಯಾರೋ ಪಾಪ, ಅವನು ಕೊನೆಯನ್ನು ಕೊನೆಗೇ ಇಟ್ಟಿದ್ದಾನು. ಅದನ್ನು ಕಲಸಿ ಹಾಕಿ, ಅದಕ್ಕೇ ಹಾರ ಹಾಕಿ, ಪೇಪರಿಗೂ ಕಳಿಸುವುದೆಂದರೇನು? ಅವನ ಪರವಾಗಿ ಹೇಳುವವರು ಯಾರು? ಅಪ್ಪನ ಪರವಾಗಿ ಆ ಚಪ್ಪರದಲ್ಲಿ ಯಾರು ಹೇಳಿದರು?

ಸೋಮವಾರ ಬೆಳಿಗ್ಗೆ ಶಿವಣ್ಣ ಆಫೀಸಿಗೆ ಹೊರಟಾಗ ನಾನೂ ಹಿಂದೆಯೇ ಹೊರಟೆ. ತಪ್ಪಾಯಿತು ಎನ್ನುವುದಕ್ಕೆ ಬರುತ್ತಿದ್ದೇನೆ ಎಂದು ಅವನು ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದು ಬಿಟ್ಟೆ.

ವಕೀಲರು ಹಜಾರದಲ್ಲಿ ಪೇಪರು ಓದುತ್ತಿದ್ದರು. ಏನಮ್ಮ ಎಂದರು. ಆ ನಾಲ್ಕು ಪ್ಲೇಟು ಒಂದು ಸಲ ನೋಡಬೇಕು ಎಂದೆ. ಅವರು ಬೇಡ ಅನ್ನುವುದಕ್ಕೆ ಮುಂಚೆ ಸೀತಮ್ಮನವರು ತಂದು ನನ್ನ ಮುಂದೆ ಇಟ್ಟರು. (ಆ ಹೆಂಗಸಿಗೂ ಆರು ತಿಂಗಳಿಂದ ಏನೋ ಅನುಮಾನ ಇತ್ತು ಎಂದು ನನ್ನ ಗುಮಾನಿ.)

ನನಗೆ ಇಂಗ್ಲಿಷ್ ಅಕ್ಷರ ಬಾರದು. ಅಂಕಿ ಬರುತ್ತದೆ. ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಖು ನೋಡಿ ಕಲಿತದ್ದು. ಪ್ಲೇಟಿನ ನಡುವೆ ಅಂಟಿಸಿದ ಕೆಂಪು ಕಾಗದದಲ್ಲಿ ಸಣ್ಣದಾಗಿ ಒಂದು ಎಂದು ಬರೆದಿತ್ತು. ತಿರುವಿದೆ. ಹಿಂದುಗಡೆ ಎರಡು ಇರಲಿಲ್ಲ. ಎಂಟು ಇತ್ತು. ಇನ್ನೊಂದು ತೆಗೆದೆ. ಈ ಮುಖಕ್ಕೆ ಎರಡು, ಆ ಮುಖಕ್ಕೆ ಏಳು. ಆಮೇಲೆ ಮೂರು, ಆರು. ಕೊನೆಯದು ನಾಲ್ಕು, ಐದು.

ಪ್ಲೇಟುಗಳನ್ನು ಒಂದೊಂದಾಗಿ ಅವರ ಪೇಪರಿನ ಮೇಲೆ ಇಟ್ಟು ತೋರಿಸಿದೆ. ವಕೀಲರು ಕನ್ನಡಕ ಮೇಲಕ್ಕೆ ತಳ್ಳಿ ಬಹಳ ಹೊತ್ತು ನೋಡಿದರು. ಆಮೇಲೆ ಅವರಿಗೇ ನೆನಪಾಯಿತು. ಆ ದೊರೆಯ ಮನೆಯಲ್ಲಿ ಇದ್ದದ್ದು ಬೇರೆ ಥರದ ಮೆಶೀನಂತೆ. ಪ್ಲೇಟುಗಳನ್ನು ಪೇರಿಸಿಟ್ಟರೆ ತಾವಾಗಿ ಒಂದರ ಮೇಲೊಂದು ಬಿದ್ದು ಹಾಡುತ್ತಿದ್ದವಂತೆ. ನಾಲ್ಕೂ ಬಿದ್ದ ಮೇಲೆ ಪೂರ್ತಿ ಕಂತೆಯನ್ನೇ ತಿರುವಿ ಹಾಕಿದರೆ ಮಿಕ್ಕ ನಾಲ್ಕು ಮಗ್ಗುಲು. ಅದಕ್ಕೆ ಹಾಗೆ ನಂಬರು. ಇವರು ಪ್ಲೇಟು ತಂದರು, ಮೆಶೀನು ತರಲಿಲ್ಲ, ಒಂದರ ಬೆನ್ನಿಗೇ ಎಂಟು ಹಾಕಿಬಿಟ್ಟರು.

ಇದನ್ನು ಯಾರಿಗೂ ಹೇಳಬೇಡಿ ನಂಜಮ್ಮ ಎಂದರು. ಆಗಲಿ ಎಂದೆ. ಹೇಳಿಲ್ಲ. ಬರೆದಿದ್ದೇನೆ.

ಹಾಕಿ ಸ್ವಾಮಿ, ನಂಬರು ಪ್ರಕಾರ ಹಾಕಿ, ಆಮೇಲೆ ಚೀಟಿ ಹಾಕುವ ವಿಚಾರ ಎಂದೆ. ಅವರು ಕೀ ಕೊಟ್ಟರು. ಹೊಳೆಯಾಚೆಯ ಕೊಂಬು ಕರೆಯಿತು. ಈ ಸಲ ಕರೆದವರೆಲ್ಲ ಬಂದರು, ಒಬ್ಬರ ಹಿಂದೆ ಒಬ್ಬರು. ಅಡುಗೆಮನೆಗೆ ಹೋಗಿ ಸೀತಮ್ಮನವರಲ್ಲಿ ಒಂದು ಹಿಡಿ ಅಕ್ಕಿ, ಚಿಟಿಕೆ ಅರಿಶಿನ ಕೇಳಿ ಸೆರಗಿಗೆ ಕಟ್ಟಿಕೊಂಡು ಬಂದೆ.

ಐದನೇ ಮಗ್ಗುಲಿಗೆ ಪ್ಲೇಟು ತಿರುವುವಾಗ ವಕೀಲರು ಆಫೀಸು ರೂಮಿನ ಕಡೆ ತಿರುಗಿದರು. ಅಲ್ಲಿ ಶಿವಣ್ಣ ಟೈಪ್‌ರೈಟರಿನ ಮುಂದೆ ಕೂತಿದ್ದ. ಕಾಗದ ಏರಿಸಿದ್ದ, ಟೈಪು ಮಾಡುತ್ತಿರಲಿಲ್ಲ.

"ಏನು ಶಿವಣ್ಣ, ಇವರ ತಂದೆ ಡೋಲು ಬಾರಿಸ್ತಿದ್ರಂತೆ?"

ಅವನು ನನ್ನನ್ನು ನೋಡಿದ. ನಾನು ಪ್ಲೇಟು ನೋಡಿದೆ. ಅದು ಅವನು ಹೇಳಬೇಕಾದ ಮಾತು, ನಾನಲ್ಲ.

"ಊ ಸಾರ್," ಎಂದ. "ನಮ್ ತಾತ."

ವಕೀಲರು ಮುಳ್ಳು ಇಟ್ಟರು. ಸೀತಮ್ಮನವರು ಕಾಫಿ ತಂದರು. ನಾನು ಲೋಟವನ್ನೇ ನೋಡುತ್ತಿದ್ದೆ. ಜಗಲಿ ದಾಟಿತು, ಬಾಗಿಲು ದಾಟಿತು, ಎಂಟು ವರ್ಷದಿಂದ ಇಡುತ್ತಿದ್ದ ಜಾಗದಲ್ಲೇ, ಟೈಪ್‌ರೈಟರಿನ ಪಕ್ಕದಲ್ಲೇ ಕೂತಿತು. ನಾಳೆ ಎಲ್ಲಿ ಕೂರುತ್ತದೋ ಗೊತ್ತಿಲ್ಲ. ಅವತ್ತು ಅಲ್ಲಿತ್ತು.

ಎಂಟನೇ ಮಗ್ಗುಲಿಗೆ, ಬರಬೇಕಾದ ಜಾಗಕ್ಕೇ, ಗಟ್ಟಿಮೇಳ ಬಂತು. ನಾನು ಸೆರಗಿನ ಗಂಟು ಬಿಚ್ಚಿ, ಆ ಗ್ರಾಮಫೋನಿನ ಮೇಲೆ ನಾಲ್ಕು ಕಾಳು, ವಕೀಲರ ತಲೆಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿ, ಈಗ ಕೊಡಿ ನನ್ನ ಚೀಟಿ ಎಂದೆ.