ನಾಲ್ಕನೇ ದಿನದ ನೋವು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೆಟ್ಟಿಲ ಮೇಲೆ ನಿಂತು, ಪಾಚಿ ಕಟ್ಟಿದೆ, ಕೆರೆಸೋಕೆ ಏನು ರೋಗ ಎಂದು ಮೇಸ್ತ್ರಿಗೆ ಬೈದು ತಿರುಗಿದವನು ಅದೇ ಪಾಚಿಯ ಮೇಲೆ ಜಾರಿ ಬಿದ್ದೆ. ಬೀಳುವಾಗ ಬಲಗೈ ಊರಿದೆ. ಮಣಿಕಟ್ಟಿನ ಹತ್ತಿರ ಎರಡೂ ಮೂಳೆ ಮುರಿದವು. ಮೇಸ್ತ್ರಿ ಓಡಿ ಬಂದು ಎತ್ತಿದ. ಎತ್ತಿಸಿಕೊಳ್ಳುತ್ತಲೇ ಅವನಿಗೆ ಇನ್ನೊಂದು ಸಲ ಬೈದೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಮುಗಿಯುತ್ತಿದ್ದ ಹೊತ್ತು ಅದು. ಮೂಡಿಗೆರೆ ಕಡೆಯ ನಮ್ಮ ತೋಟ ಅಂಥ ದೊಡ್ಡದೇನಲ್ಲ. ಆದರೂ ಲೆಕ್ಕ ಬರೆಯಲು ಒಬ್ಬ ರೈಟರು, ಕೆಲಸ ಮಾಡಿಸಲು ಒಬ್ಬ ಮೇಸ್ತ್ರಿ, ನನ್ನನ್ನು ಅಯ್ಯಾ ಎನ್ನುವ ಹತ್ತಿಪ್ಪತ್ತು ಆಳುಗಳು ಇದ್ದರು. ನನಗಾಗ ನಲವತ್ತೆರಡು ವರ್ಷ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಒಳಗೊಂದು ಪ್ಲೇಟು ಇಟ್ಟು ಸ್ಕ್ರೂ ಬಿಗಿದು, ಮೇಲೆ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಇದ್ದರೂ ಬೆರಳುಗಳನ್ನು ದಿನಾ ಆಡಿಸುತ್ತಿರಬೇಕು ಎಂದು ಸರ್ಜನ್ ಎರಡು ಸಲ ಹೇಳಿದ್ದರು. ನಾನು ಒಂದು ಬೆರಳನ್ನೂ ಆಡಿಸಲಿಲ್ಲ. ಆಡಿಸಿದರೆ ಒಳಗಿನ ಸ್ಕ್ರೂ ಸಡಿಲವಾಗುತ್ತದೆ ಎಂಬ ಭಯ. ಈ ಭಯವನ್ನು ಯಾರಿಗೂ ಹೇಳಲಿಲ್ಲ. ತೋಟದ ಯಜಮಾನ ಸ್ಕ್ರೂಗೆ ಹೆದರಿದ ಅಂತ ಹೇಳಿಕೊಳ್ಳುವುದು ಹೇಗೆ?

ಆರು ವಾರವಾದ ಮೇಲೆ ಪ್ಲಾಸ್ಟರ್ ಕತ್ತರಿಸಿದಾಗ ಹೊರಗೆ ಬಂದ ಕೈ ನನ್ನದು ಎನಿಸಲಿಲ್ಲ. ಸಣಕಲಾಗಿ, ಚರ್ಮ ಏಳುತ್ತಾ, ಬೆರಳುಗಳು ಅರ್ಧ ಮಡಚಿ ಅಲ್ಲೇ ನಿಂತಿದ್ದವು. ಎಕ್ಸ್‌ರೇ ನೋಡಿದ ಸರ್ಜನ್, ಮೂಳೆ ಚೆನ್ನಾಗಿ ಕೂಡಿದೆ ಎಂದು ಸಂತೋಷಪಟ್ಟು, ಆಸ್ಪತ್ರೆಯ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಪ್ರತಿ ಬುಧವಾರ ಮಂಗಳೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಬಾಗಿಲಿಗೆ ಆಕ್ಯುಪೇಷನಲ್ ಥೆರಪಿ ಎಂಬ ಬೋರ್ಡು. ಏನೋ ಮೆಷಿನು ಇರುತ್ತದೆ ಅಂದುಕೊಂಡು ಹೋದರೆ ಮೇಜಿನ ಮೇಲೆ ಒಂದು ಬೀಗ ಮತ್ತು ಕೀಲಿಕೈ, ಗುಂಡಿ ಹಾಕಿ ಬಿಚ್ಚಲು ಒಂದು ಹಳೇ ಅಂಗಿ, ಬಕೆಟ್ಟಿನಲ್ಲಿ ಒದ್ದೆ ಬಟ್ಟೆ. ಅಂಗನವಾಡಿಗೆ ಬಂದ ಹಾಗಾಯಿತು.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಬಸ್ ಡ್ರೈವರ್ ಕೂತಿದ್ದ. ಮೂವತ್ತರ ಆಸುಪಾಸಿನವನು. ಕಳಸದ ರಸ್ತೆಯ ಒಂದು ತಿರುವಿನಲ್ಲಿ ಬಸ್ಸು ಚರಂಡಿಗೆ ಇಳಿದು ಅವನ ಎಡಗೈ ಮುರಿದಿತ್ತು. ಅವನಿಗೂ ನನ್ನಂತೆ ಪ್ಲೇಟು, ನನ್ನಂತೆ ಸ್ಕ್ರೂ. ಆ ಹುಡುಗಿ ಕಾಗದ ಪೆನ್ನು ಹಿಡಿದು ಮೊದಲು ನನ್ನನ್ನು ಕೇಳಿದಳು.

"ಬೆಳಿಗ್ಗೆ ಎದ್ದ ಮೇಲೆ ಈ ಕೈಯಲ್ಲಿ ಏನೇನು ಕೆಲ್ಸ ಮಾಡ್ತಿದ್ರಿ ಸರ್? ಒಂದೊಂದೇ ಹೇಳಿ."

"ತೋಟ ನೋಡ್ಕೊಳ್ತೀನಿ."

"ಅದು ಕಣ್ಣಲ್ಲಿ ಅಲ್ವಾ? ಕೈಯಲ್ಲಿ?"

ಯೋಚಿಸಿದೆ. ಬೆಳಗಿನ ಕಾಫಿ ಕೈಗೆ ಬರುತ್ತಿತ್ತು. ಸ್ನಾನದ ನೀರು ಹದ ಮಾಡಿ ಇಟ್ಟಿರುತ್ತಿತ್ತು. ಬೂಟಿನ ಮಣ್ಣು ಆಳು ತೊಳೆಯುತ್ತಿದ್ದ. ಕೊನೆಗೆ ಆಳುಗಳ ಹಾಜರಿಯ ಚೆಕ್‌ರೋಲಿಗೆ ಸೈನ್ ಹಾಕ್ತೀನಿ, ಜೀಪು ಓಡಿಸ್ತೀನಿ, ಊಟ ಮಾಡ್ತೀನಿ ಎಂದೆ. ಅವಳು ಮೂರು ಸಾಲು ಬರೆದು, ನಾಲ್ಕನೆಯದಕ್ಕಾಗಿ ಕಾದಳು. ಕೋಲು ಹಿಡಿದು ಆಳುಗಳಿಗೆ ಗಿಡ ತೋರಿಸುವುದೂ ಕೈಕೆಲಸವೇ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ ಡ್ರೈವರಿನ ಸರದಿ ಬಂತು. ಗೇರು ಹಾಕುವುದು, ಬಾನೆಟ್ ಎತ್ತುವುದು, ಟೈರು ಬಿಚ್ಚುವುದು, ಬಾವಿ ನೀರು ಸೇದುವುದು, ಮಗಳಿಗೆ ಜಡೆ ಹಾಕುವುದು. ಅವನ ಕಾಗದ ತುಂಬಿ ಹಿಂದಿನ ಪುಟಕ್ಕೂ ಹೋಯಿತು.

ಅವನಿಗೆ ದಿನಾ ಒದ್ದೆ ಬಟ್ಟೆ ಹಿಂಡುವ ಕೆಲಸ ಕೊಟ್ಟು, ನನ್ನತ್ತ ತಿರುಗಿದಳು.

"ಮನೆ ಖರ್ಚಿನ ಕಾಫಿ ಬೀಜ ಹುರಿಯುವ ಮೊದ್ಲು ಹೆಕ್ಕುದುಂಟಲ್ಲ, ಕಪ್ಪಾದದ್ದು ಬೇರೆ, ಒಡಕು ಬೇರೆ? ದಿನಾ ಅರ್ಧ ಗಂಟೆ ಅದನ್ನು ಮಾಡಿ. ಈ ಎರಡು ಬೆರಳಲ್ಲಿ ಒಂದೊಂದೇ ಬೀಜ. ಹೆಕ್ಕಿದ್ದನ್ನು ಬುಧವಾರ ಡಬ್ಬಿಯಲ್ಲಿ ತನ್ನಿ. ನೋವಾಗ್ತದೆ. ನೋವಾದ್ರೆ ಮೂಳೆ ಮುರೀತು ಅಂತ ಅಲ್ಲ, ಆಯ್ತಾ? ಈಗ ನಿಮ್ಮ ಕೈಯನ್ನು ಹಿಡ್ಕೊಂಡಿರುದು ಭಯ. ಎರಡು ಮೂರು ತಿಂಗಳು ಹೀಗೇ ಬಿಟ್ರೆ ಮತ್ತೆ ಬೆರಳು ಮಡಚ್ಲಿಕ್ಕೇ ಬರುದಿಲ್ಲ."

ನನ್ನ ಕೈಯ ಭವಿಷ್ಯವನ್ನು ಅವಳು ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಬೀಜ ಹೆಕ್ಕು ಎನ್ನುವ ಮಾತು. ಅದು ನಮ್ಮಲ್ಲಿ ಹೆಣ್ಣಾಳುಗಳ ಕೆಲಸ. ಜಗುಲಿಯಲ್ಲಿ ಕಾಲು ಚಾಚಿ ಕೂತು, ಮೊರ ತೊಡೆಯ ಮೇಲಿಟ್ಟುಕೊಂಡು, ಊರಿನ ಸುದ್ದಿಯೆಲ್ಲ ಆಡುತ್ತಾ ಮಾಡುವ ಕೆಲಸ. ನಮ್ಮ ಅಪ್ಪನಾಗಲಿ ಅಜ್ಜನಾಗಲಿ ಮೊರ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

ಮೊದಲ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಬೀಜ ಎತ್ತಲು ಹೋದರೆ ಬೆರಳೆರಡೂ ಒಂದನ್ನೊಂದು ಮುಟ್ಟಲೇ ಇಲ್ಲ. ಮುಟ್ಟಿಸಲು ಒತ್ತಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಹತ್ತಿತು. ಸ್ಕ್ರೂ ಹೋಯಿತು ಎಂದುಕೊಂಡು ಕೈ ಹಿಂದಕ್ಕೆ ಎಳೆದುಕೊಂಡೆ. ಐದು ಬೀಜ ಎತ್ತಿದ್ದೆನೋ ಏನೋ. ಎದ್ದು ಬಂದು, ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸನ್ನು ಕರೆದು, ಇದನ್ನು ಹೆಕ್ಕಿಡು ಎಂದೆ.

ಅವಳ ಬಗ್ಗೆ ಹೇಳಬೇಕು. ಎರಡು ವರ್ಷದ ಹಿಂದೆ ಕಳೆ ತೆಗೆಯುವಾಗ ಚರಂಡಿಗೆ ಬಿದ್ದು ಅವಳದ್ದೂ ಬಲಗೈ ಮಣಿಕಟ್ಟೇ ಮುರಿದಿತ್ತು. ಅವಳನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ಹೊಳೆಯಲಿಲ್ಲ. ನಾಟಿ ವೈದ್ಯರೊಬ್ಬರು ಬಿದಿರಿನ ದಬ್ಬೆ ಕಟ್ಟಿದರು. ದಬ್ಬೆ ಬಿಚ್ಚಿದ ಮರುದಿನವೇ ಕೆಲಸಕ್ಕೆ ಬಂದಳು. ಪಾಪ, ಕೂತು ಮಾಡುವ ಕೆಲಸ ಕೊಡಿ ಎಂದು ನಾನು ರೈಟರಿಗೆ ಹೇಳಿ ಬೀಜ ಹೆಕ್ಕಲು ಹಾಕಿಸಿದೆ. ಎಂಥ ದೊಡ್ಡ ಮನಸ್ಸು ನನ್ನದು ಎಂದು ಒಂದೆರಡು ಮನೆಗಳಲ್ಲಿ ಹೇಳಿಕೊಂಡೂ ಬಂದಿದ್ದೆ. ಅವಳ ಕೈ ಸ್ವಲ್ಪ ಸೊಟ್ಟಗೆ ಕೂಡಿತು, ಆದರೆ ಕೆಲಸಕ್ಕೆ ಬಂತು.

ಈಗ ಅದೇ ಕೈ ನನ್ನ ಪಾಲಿನ ಬೀಜ ಹೆಕ್ಕಿತು. ಹೆಂಡತಿ ಕಾಫಿ ತಂದವಳು ಇದನ್ನು ನೋಡಿ, "ನಿಮ್ಮ ನೋವನ್ನೂ ಅವ್ಳಿಗೇ ಕೊಟ್ಬಿಡಿ ಮಾರಾಯ್ರೇ, ಅನುಭವಿಸ್ಕೊಂಡು ಬಂದು ಒಪ್ಪಿಸ್ತಾಳೆ" ಎಂದು ಲೋಟ ಕುಕ್ಕಿ ಹೋದಳು. ಹೆಂಗಸು ಬೀಜ ಹೆಕ್ಕುತ್ತಲೇ ಇದ್ದಳು.

ಬುಧವಾರ ಡಬ್ಬಿ ತೆಗೆದುಕೊಂಡು ಹೋದೆ. ಥೆರಪಿಯ ಹುಡುಗಿ ಮುಚ್ಚಳ ತೆಗೆದು ನೋಡಿ ಖುಷಿಪಟ್ಟಳು. ಕೈಯನ್ನು ನೋಡಲು ಬಂದಾಗ, ಇವತ್ತು ಚಳಿಗೆ ಬಾತುಕೊಂಡಿದೆ ಎಂದು ಶಾಲಿನೊಳಗೆ ಎಳೆದುಕೊಂಡೆ. ಡ್ರೈವರು ಆ ವಾರ ಬಟ್ಟೆ ಹಿಂಡಿರಲಿಲ್ಲ. ಎರಡು ದಿನ ಹಿಂಡಿ, ನೋವು ತಾಳದೆ ಬಿಟ್ಟಿದ್ದ. ಇನ್ನು ಸ್ಟೇರಿಂಗ್ ಹಿಡಿಯುವುದು ತನ್ನ ಹಣೆಯಲ್ಲಿಲ್ಲ, ಬೇರೆ ಏನಾದರೂ ಕೆಲಸ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಅವನ ಮುಂದೆ ಅವಳು ನನ್ನ ಡಬ್ಬಿ ಹಿಡಿದಳು.

"ಇವ್ರನ್ನು ನೋಡಿ. ತೋಟದ ಯಜಮಾನ್ರು. ದಿನಾ ಕೂತು ಹೆಕ್ಕಿದ್ದಾರೆ. ನಿಮ್ಗೆ ಏನು ದಾಡಿ?"

ಅವಳು ಇನ್ನೊಬ್ಬ ರೋಗಿಯ ಹತ್ತಿರ ಹೋದ ಮೇಲೆ ಡ್ರೈವರು ಮೆಲ್ಲಗೆ ಕೇಳಿದ.

"ಸರ್, ನಿಮ್ಗೆ ನೋವಾಗ್ಲಿಲ್ವಾ?"

ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಹೊಗಳಿಸಿಕೊಂಡ ಬಿಸಿಯಲ್ಲಿದ್ದೆ. "ಆಗ್ದೆ ಏನು? ನಾಲ್ಕನೇ ದಿನ ಇದ್ಯಲ್ಲ, ಅವತ್ತು ಜೀವ ಹೋಗುತ್ತೆ. ಹಲ್ಲು ಕಚ್ಕೊಂಡು ಅವತ್ತೊಂದು ದಿನ ದಾಟಿಬಿಡು. ಐದನೇ ದಿನದಿಂದ ತಾನಾಗೇ ಇಳಿಯುತ್ತೆ" ಎಂದೆ. ನಾಲ್ಕು ಎಂಬ ಲೆಕ್ಕ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನಾನು ಎರಡನೇ ದಿನವನ್ನೇ ಕಂಡವನಲ್ಲ. ಅವನು ಮಾತ್ರ ಕಣ್ಣು ಬಿಟ್ಟುಕೊಂಡು ಕೇಳಿ, "ನಾಲ್ಕನೇ ದಿನ" ಎಂದು ಒಮ್ಮೆ ಬಾಯಲ್ಲಿ ಹೇಳಿಕೊಂಡ.

ಮೂರನೇ ಬುಧವಾರ ಇನ್ನೊಂದು ಡಬ್ಬಿ ಒಯ್ದೆ. ಅವತ್ತು ಡ್ರೈವರು ಬಂದಿರಲಿಲ್ಲ. ಅವಳು ಬೀಜಗಳನ್ನು ಅಂಗೈಗೆ ಸುರಿದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಒಂದೇ ಒಂದು ಕಪ್ಪು ಬೀಜ ತಪ್ಪಿರಲಿಲ್ಲ. ಒಂದು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟು, "ಇಲ್ಲಿ ಒಂದು ಇಪ್ಪತ್ತು ಬೀಜ ಎತ್ತಿ ಸರ್" ಎಂದಳು. ಬ್ಯಾಂಕು ಮುಚ್ಚುತ್ತದೆ ಎಂದು ಎದ್ದು ನಿಂತೆ. ಅವಳು ಸಿಟ್ಟಾಗಲಿಲ್ಲ. ಡಬ್ಬಿಗೆ ಬೀಜ ವಾಪಸು ತುಂಬಿ, ಮುಚ್ಚಳ ಹಾಕಿ ಕೊಟ್ಟಳು.

"ಆಪರೇಷನ್ ಡಾಕ್ಟ್ರು ಮಾಡಿದ್ರು. ಇದನ್ನು ನೀವೇ ಮಾಡ್ಬೇಕು ಸರ್. ಬೇರೆಯವ್ರು ಮಾಡಿದ್ರೆ ಅವ್ರ ಕೈ ಸರಿಯಾಗ್ತದೆ, ನಿಮ್ದಲ್ಲ."

ಜೀಪು ನಡೆಸುತ್ತಿದ್ದ ರೈಟರಿಗೆ ದಾರಿಯುದ್ದಕ್ಕೂ ಅವಳನ್ನು ಬೈದು ಹೇಳಿದೆ. ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗಿ, ಅವಳಿಗೇನು ಗೊತ್ತು ಎಂದೆ. ಕೊಯ್ಲು ಶುರುವಾಗಿದೆ ಎಂಬ ನೆಪ ಹೇಗೂ ಇತ್ತು. ಆಮೇಲೆ ಆ ಕೋಣೆಗೆ ಹೋಗಲೇ ಇಲ್ಲ.

ಬೇಸಿಗೆ ಕಳೆದು ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಅವಳು ಹೇಳಿದ್ದೇ ಆಯಿತು. ಬೆರಳುಗಳು ಅರ್ಧ ದಾರಿಗೆ ಬಂದು ನಿಲ್ಲುತ್ತಿದ್ದವು. ಅನ್ನ ಕಲಸಲು ಆಗದೆ ಚಮಚ ಹಿಡಿದೆ. ಎಡಗೈಯಲ್ಲಿ ಸೈನ್ ಮಾಡಲು ಕಲಿತೆ. ಕೇಳಿದವರಿಗೆಲ್ಲ ಆಪರೇಷನ್ ಸರಿ ಆಗಲಿಲ್ಲ ಎಂದೆ. ಚೆನ್ನಾಗಿ ಮಾಡಿದ ಸರ್ಜನ್ನರ ಮೇಲೆ ಹೀಗೆ ಸುಳ್ಳು ಹೊರಿಸಿದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಒಂದು ದಿನ ಬಣಕಲ್‌ನಲ್ಲಿ ಅಂಗಡಿಯ ಮುಂದೆ ನಿಂತಿದ್ದೆ. ಕಳಸದ ಕಡೆಯಿಂದ ಬಂದ ಬಸ್ಸು ನಿಂತಿತು. ಡ್ರೈವರು ಬಾಗಿಲು ತೆಗೆದು ನೆಲಕ್ಕೆ ಹಾರಿ, ನನ್ನ ಹತ್ತಿರ ಬಂದ. ಅವನೇ. ಎಡಗೈ ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ತೋರಿಸಿದ.

"ನೋಡಿ ಸರ್. ನೀವು ಹೇಳಿದ್ರಲ್ಲ, ನಾಲ್ಕನೇ ದಿನ ಅಂತ. ಸತ್ಯ ಸರ್. ಅವತ್ತು ಬಚ್ಚಲಲ್ಲಿ ಕೂತ್ಕಂಡು ಅತ್ತುಬಿಟ್ಟೆ. ಮೊದ್ಲಾಗಿದ್ರೆ ಬಟ್ಟೆ ಬಿಸಾಕಿ ಎದ್ದು ಹೋಗ್ತಿದ್ದೆ. ಇವತ್ತೊಂದು ದಿನ ಅಷ್ಟೇ, ಆ ಸರ್ ದಾಟಿದಾರೆ, ನಾನೂ ದಾಟ್ತೀನಿ ಅಂತ ಹಿಂಡ್ದೆ. ನಿಮ್ಮಿಂದಾನೇ ಸರ್ ಮತ್ತೆ ಬಸ್ ಹತ್ತಿದ್ದು."

ಆಮೇಲೆ, "ನಿಮ್ಮ ಕೈ ಪೂರ್ತಿ ಸರಿಯಾಯ್ತಾ ಸರ್?" ಎಂದು ನನ್ನ ಬಲಗೈಯನ್ನು ಹಿಡಿದುಕೊಂಡ. ಬಿಡಿಸಿಕೊಳ್ಳಲು ಹೊತ್ತಿರಲಿಲ್ಲ. ಅವನ ಕೈಯೊಳಗೆ ನನ್ನ ಬೆರಳುಗಳು ಮಡಚದೆ ನಿಂತವು. ಅವನು ಒಂದು ಸಲ ಕೈ ನೋಡಿದ, ಒಂದು ಸಲ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ತಿಳಿಯಿತು ಎಂಬುದು ನನಗೂ ತಿಳಿಯಿತು.

"ಥಂಡಿ ಅಲ್ವಾ ಸರ್" ಎಂದ. "ನಂದೂ ಬೆಳಿಗ್ಗೆ ಹೊತ್ತು ಹಿಂಗೇ ಬಿಗಿಯುತ್ತೆ."

ನನ್ನ ನೆಪವನ್ನು ಅವನೇ ನನಗೆ ಕೊಟ್ಟ. ನಾನು ಹೌದು ಎಂದೆ. ಕಂಡಕ್ಟರು ಸೀಟಿ ಊದಿದ. ಅವನು ಓಡಿ ಹೋಗಿ ಹತ್ತಿ, ಎಡಗೈಯಲ್ಲಿ ಗೇರು ಹಾಕಿ ಹೊರಟ.

ಅವತ್ತೇ ಮನೆಗೆ ಬಂದು ಜಗುಲಿಯಲ್ಲಿ, ಎಲ್ಲರೂ ನೋಡುವ ಹಾಗೆ, ಆ ಹೆಂಗಸಿನ ಎದುರು ಕೂತೆ. ನನಗೂ ಸ್ವಲ್ಪ ಬೀಜ ಹಾಕು ಎಂದೆ. ಅವಳು ಒಂದು ಸಣ್ಣ ರಾಶಿ ನನ್ನ ಕಡೆ ಸರಿಸಿದಳು.

"ನಿನ್ನ ಕೈ ಮುರಿದಾಗ ಯಾವ ದಿನ ಜಾಸ್ತಿ ನೋವಿತ್ತು?" ಎಂದು ಕೇಳಿದೆ. ಎರಡು ಮೂರು ವರ್ಷದಲ್ಲಿ ಕೇಳಿದ್ದು ಅದೇ ಮೊದಲು.

"ದಿನ ಯಾರು ನೋಡ್ತಾರೆ ಅಯ್ಯಾ" ಎಂದಳು. "ಮಾಡ್ದಷ್ಟು ದಿನಾನೂ ನೋಯ್ತಿತ್ತು. ಈಗ್ಲೂ ಚಳಿಗೆ ನೋಯುತ್ತೆ."

ಕಳೆದ ಚಳಿಗಾಲದಲ್ಲಿ ನನ್ನ ಡಬ್ಬಿ ತುಂಬಿಸಿದ್ದು ಆ ನೋವಿನ ಕೈ. ಮುಖ ಎಲ್ಲಿಡಲಿ ಎಂದು ತೋಚದೆ ಬೀಜ ಹೆಕ್ಕಿದೆ. ಮೊದಲ ದಿನ ನೋವು, ಎರಡನೆಯ ದಿನ ನೋವು. ನಾಲ್ಕನೇ ದಿನ ಬಂತು. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಐದನೆಯ ದಿನವೂ ಹಾಗೇ ಇತ್ತು. ಆ ಡ್ರೈವರಿಗೆ ದಾಟಲು ಒಂದು ದಿನವಿತ್ತು. ಅದು ಸುಳ್ಳೆಂದು ನನಗೆ ಮೊದಲಿಂದಲೂ ಗೊತ್ತಿತ್ತು, ಹಾಗಾಗಿ ನನಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂಬತ್ತನೆಯ ದಿನ ಎದ್ದು, ಉಳಿದಿದ್ದನ್ನು ನೀನೇ ಹೆಕ್ಕು ಎಂದು ಒಳಗೆ ಹೋದೆ.

ಆ ಡ್ರೈವರು ಅದೇ ರೂಟಿನಲ್ಲಿ ಇನ್ನೂ ಏಳೆಂಟು ವರ್ಷ ಓಡಿಸಿದ. ಅಷ್ಟು ವರ್ಷವೂ, ಅವನ ಬಸ್ಸು ಬರುವ ಹೊತ್ತಿಗೆ ನಾನು ಬಣಕಲ್‌ನಲ್ಲಿ ನಿಲ್ಲುತ್ತಿರಲಿಲ್ಲ.