ಎಣಿಸಬಾರದ ಕುರಿಗಳು

ನಮ್ಮ ಮನೆಯಲ್ಲಿ ಕುರಿಗಳನ್ನು ಯಾರೂ ಎಣಿಸುವುದಿಲ್ಲ. ಹೊರಗಿನವರು ಎಣಿಸಿದರಂತೂ ದೃಷ್ಟಿ ತಗಲುತ್ತದೆ ಎಂದು ದೊಡ್ಡಪ್ಪನ ನಂಬಿಕೆ. ಎಷ್ಟು ಕುರಿ ಇವೆ ಎಂದು ಯಾರಾದರೂ ಕೇಳಿದರೆ "ಅದಾವ ನಾಕಾರು" ಎಂದು ಮಾತು ಮುಗಿಸುತ್ತಾನೆ. ನನಗೆ ಇದು ಮೊದಲಿನಿಂದಲೂ ತಮಾಷೆ. ಹೋದ ವರ್ಷ ಮಾತ್ರ ತಮಾಷೆಯಾಗಿ ಉಳಿಯಲಿಲ್ಲ.

ಕೂಡ್ಲಿಗಿ ಕಡೆಯ ನಮ್ಮೂರ ಹಿಂದೆ ಒಂದು ಗುಡ್ಡವಿದೆ. ನಮ್ಮ ಕುರಿಗಳು ಮೇಯುವುದು ಅಲ್ಲೇ. ತಾಲ್ಲೂಕಿನಲ್ಲಿ ಎಲ್ಲಿ ಕಲ್ಲುಗಣಿ ಬರಬೇಕು, ಯಾವ ಜಾಗ ಮೇವಿಗೆ ಬಿಡಬೇಕು ಎಂದು ನಕ್ಷೆ ಮಾಡಲು ಒಬ್ಬ ಅಧಿಕಾರಿ ಬಂದರು. ಜೀಪು ಕಂಡದ್ದೇ ತಡ, ದೊಡ್ಡಪ್ಪ ಹಿಂಡನ್ನೆಲ್ಲ ಹಳ್ಳಕ್ಕೆ ಇಳಿಸಿ ಜಾಲಿಯ ಮರೆಯಲ್ಲಿ ನಿಲ್ಲಿಸಿದ. ಅಧಿಕಾರಿಗೆ ಕಂಡದ್ದು ಖಾಲಿ ಗುಡ್ಡ. ಮೇಯುವ ಕುರಿಯಿಲ್ಲ, ಗಣಿಗೆ ಯೋಗ್ಯ ಎಂದು ಗುರುತು ಹಾಕಿಕೊಂಡು ಹೋದರು.

ಪಂಚಾಯಿತಿಯಲ್ಲಿ ನಕ್ಷೆ ತೂಗುಹಾಕಿದ ದಿನ ನಾನೇ ನೋಡಿ ಬಂದು ಹೇಳಿದೆ. ದೊಡ್ಡಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಗುಡ್ಡ ಹೋದರೆ ಹಿಂಡು ಮಾರಬೇಕು, ಬೇರೆ ದಾರಿಯಿರಲಿಲ್ಲ.

ಹಿಂಡು ಬಚ್ಚಿಟ್ಟದ್ದಕ್ಕೆ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಗುಡ್ಡವಂತೂ ಉಳಿಯಬೇಕು, ಹಾಗಂತ ಕಲ್ಲೇ ಬೇಡ ಎನ್ನಲು ನಮಗೆ ಬಾಯಿ ಎಲ್ಲಿದೆ? ಮನೆಯ ತಾರಸಿಗೆ ಜಲ್ಲಿ ತರಿಸಿದವರು ನಾವು. ಊರ ರಸ್ತೆಗೆ ಜಲ್ಲಿ ಬರಲಿಲ್ಲವೆಂದು ಜಗಳವಾಡಿದವಳು ನಾನು. ಆದರೆ ಗುಡ್ಡದಾಚೆ ಒಂದು ಬೋಳುಬಂಡೆ ಇದೆ, ಅಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ. ಆ ಬಂಡೆಯ ವಿಷಯ ಹೇಳಿ, ಇನ್ನೊಮ್ಮೆ ಬಂದು ನೋಡಿ ಎಂದು ಅಧಿಕಾರಿಯನ್ನು ಕೇಳಿಕೊಂಡೆ. ಪುಣ್ಯಕ್ಕೆ ಒಪ್ಪಿದರು. ಆದರೆ ಹಿಂಡು ಕಣ್ಣಿಗೆ ಕಾಣಬೇಕು, ಎಣಿಸಿಯೇ ಬರೆದುಕೊಳ್ಳಬೇಕು ಎಂದರು.

ಆ ಬೆಳಿಗ್ಗೆ ದೊಡ್ಡಪ್ಪ ಮೈಲಾರದ ಗುಡಿಯಿಂದ ತಂದಿಟ್ಟಿದ್ದ ಭಂಡಾರದ ಅರಿಶಿನವನ್ನು ದೃಷ್ಟಿ ತಗಲದಿರಲೆಂದು ಒಂದೊಂದು ಕುರಿಯ ಹಣೆಗೂ ಹಚ್ಚಿದ. ಹಿಂಡನ್ನು ಗುಡ್ಡಕ್ಕೆ ಬಿಟ್ಟು, "ಎಣಿಸ್ಕೊಳ್ರಿ ಸಾಹೇಬ್ರ" ಎಂದವನೇ ಬೆನ್ನು ತಿರುಗಿಸಿ ನಿಂತ. ಅವರು ಎಣಿಸುವಷ್ಟು ಹೊತ್ತೂ ಅವನ ಕೈ ಕಂಬಳಿಯ ಅಂಚನ್ನು ಹಿಂಡುತ್ತಲೇ ಇತ್ತು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಕೆಲವು ತಿಂಗಳಾದ ಮೇಲೆ ತಿದ್ದಿದ ನಕ್ಷೆ ಬಂತು. ಗಣಿ ಬೋಳುಬಂಡೆಗೆ, ಗುಡ್ಡ ಮೇವಿಗೆ. ಸಂತೋಷದಿಂದ ಮನೆಗೆ ಓಡಿಬಂದು ಹೇಳಿದೆ. ಅಷ್ಟೂ ದಿನ ಸರಿಯಾಗಿ ಉಣ್ಣದಿದ್ದ ದೊಡ್ಡಪ್ಪ ಅವತ್ತು ರೊಟ್ಟಿ ಕೇಳಿ ಹಾಕಿಸಿಕೊಂಡ.

ಅದೇ ವಾರ ಒಂದು ಮರಿ ಕುಂಟತೊಡಗಿತು. ದೃಷ್ಟಿಯ ಮಾತು ತೆಗೆಯುತ್ತಾನೆಂದು ಹೆದರಿ ನಾನು ದೊಡ್ಡಪ್ಪನ ಮುಖ ನೋಡಿದೆ. ಅವನು ಮರಿಯನ್ನು ಹೆಗಲಿಗೆ ಹಾಕಿಕೊಂಡ.

"ಕುಂಟಿದ್ರ ಕುಂಟ್ಲಿ ಬಿಡವಾ. ಹೊತ್ಕೊಂಡು ಹೋಗಾಕ ಗುಡ್ಡ ಐತಲ್ಲ."